ಹಗಲಲ್ಲಿ ನೋಡಬಾರದ ಸೀರಿಯಲ್ ಸೆಟ್

ಲಂಡನ್ನಿನ ರೀಜೆಂಟ್ ಸ್ಟ್ರೀಟಲ್ಲಿ ಕ್ರಿಸ್‌ಮಸ್ ದೀಪ ನೋಡೋಕೆ ನಾನು ಮೊದಲ ಸಲ ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ನಗಬೇಡಿ, ಸಂಜೆ ಕಾಲಿಡೋಕೆ ಜಾಗ ಇರಲ್ಲ ಅಂತ ಯಾರೋ ಹೆದರಿಸಿದ್ರು. ರಸ್ತೆಗೆ ಅಡ್ಡ ತಂತಿ ಎಳೆದು ಬಲೆ ಥರ ಏನೋ ನೇತು ಹಾಕಿದ್ರು, ಮದುವೆ ಮುಗಿದ ಮಾರನೇ ದಿನ ಮನೆ ಮುಂದೆ ಜೋತಾಡೋ ಸೀರಿಯಲ್ ಸೆಟ್ಟೇ ವಾಸಿ ಅನ್ನಿಸ್ತು.

ಅಲ್ಲಿ ಇಲ್ಲಿ ಸುತ್ತಿ ವಾಪಸ್ ಬಸ್ ಹತ್ತೋ ಹೊತ್ತಿಗೆ ಇನ್ನೂ ನಾಲ್ಕೂವರೆ, ಆಗ್ಲೇ ಕತ್ತಲು, ಡಿಸೆಂಬರಲ್ಲಿ ಅಲ್ಲಿ ಸೂರ್ಯ ಹಾಫ್ ಡೇ ಡ್ಯೂಟಿ. ಮಹಡಿ ಬಸ್ಸಿನ ಮೇಲೆ, ಮುಂದಿನ ಸೀಟು. ಬೆಳಿಗ್ಗೆ ನೋಡಿದ್ದ ಅದೇ ಬಲೆ ಈಗ ರೆಕ್ಕೆ ಚಾಚಿದ ದೇವತೆ, ಒಂದಾದ ಮೇಲೊಂದು ತಲೆ ಮೇಲೆ ಹಾದು ಹೋಗ್ತಿವೆ. ತಡೆಯಕ್ಕಾಗದೆ ಅಮ್ಮಂಗೆ ವಿಡಿಯೋ ಕಾಲ್ ಮಾಡಿದೆ. ನಮ್ಮೂರಲ್ಲಿ ಆಗ ರಾತ್ರಿ ಹತ್ತು, ನಿದ್ದೆಗಣ್ಣಲ್ಲೇ ನೋಡಿ, "ಚೆನ್ನಾಗಿದೆ ಕಣೆ, ಕರೆಂಟ್ ಬಿಲ್ ಯಾರು ಕಟ್ತಾರೆ?" ಅಂದ್ರು.

ಈ ದೀಪಗಳ ಇಡೀ ಚರಿತ್ರೆ ಇರೋದೇ ಆ ಪ್ರಶ್ನೇಲಿ. 1954ರಲ್ಲಿ ಇದನ್ನ ಶುರು ಮಾಡಿದ್ದು ರೀಜೆಂಟ್ ಸ್ಟ್ರೀಟಿನ ಅಂಗಡಿಯವರ ಸಂಘ, ಕ್ರಿಸ್‌ಮಸ್ಸಲ್ಲಿ ಲಂಡನ್ ಕಳೆಯೇ ಇಲ್ಲದೆ ಮಂಕಾಗಿದೆ ಅಂತ ಪೇಪರಲ್ಲಿ ಬಂತಂತೆ, ಇವರಿಗೆ ಚುರುಕ್ ಅಂತು. ಮಂಕಾಗದೆ ಇನ್ನೇನು ಹೇಳಿ, ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಬಾಂಬಿನ ಭಯಕ್ಕೆ ಊರೆಲ್ಲಾ ಕತ್ತಲು, ಪರದೆ ಸಂದೀಲಿ ಒಂಚೂರು ಬೆಳಕು ಕಂಡ್ರೂ ಬೀದಿ ಕಾಯೋರು ಬಂದು ದೀಪ ಆರ್ಸಿ ಅಂತ ಕೂಗ್ತಿದ್ರು, ದಂಡಾನೂ ಬೀಳ್ತಿತ್ತು. ಯುದ್ಧ ಮುಗಿದು ಒಂಬತ್ತು ವರ್ಷ ಆದ್ರೂ ರೇಷನ್ ಮುಗಿದಿರಲಿಲ್ಲ, ಮಾಂಸದ ಮೇಲಿನ ರೇಷನ್ ತೆಗೆದಿದ್ದೇ 1954ರ ಜುಲೈನಲ್ಲಿ. ಅದೇ ವರ್ಷದ ಕೊನೇಲಿ ದೀಪ. ವ್ಯಾಪಾರದ ಲೆಕ್ಕಾಚಾರಾನೇ ಇರಬಹುದು, ಆದ್ರೂ ಆವತ್ತು ಕತ್ತು ಎತ್ತಿ ನೋಡಿದೋರಿಗೆ ಹೇಗನ್ನಿಸಿರಬೇಕು!

ಪಕ್ಕದ ಆಕ್ಸ್‌ಫರ್ಡ್ ಸ್ಟ್ರೀಟ್ ಸುಮ್ನೆ ಕೂರುತ್ತಾ, 1959ರಲ್ಲಿ ಅದೂ ಶುರು ಮಾಡ್ತು. 1976, 77ರಲ್ಲಿ ಆರ್ಥಿಕ ಹಿಂಜರಿತ, ದುಡ್ಡಿಲ್ಲ, ದೀಪಾನೂ ಇಲ್ಲ, 78ರಲ್ಲಿ ಲೇಸರ್ ಬಿಟ್ಕೊಂಡು ವಾಪಸ್ ಬಂತು. 2022ರಲ್ಲಿ ಕರೆಂಟ್ ರೇಟು ಏರಿದಾಗ ಎಲ್‌ಇಡಿ ಆಗಿದ್ರೂ ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರ ತನಕ ಮಾತ್ರ ಹಚ್ಚಿದ್ರು. ಅಮ್ಮನ ಚಿಂತೆ ಅವರಿಗೂ ಇತ್ತು ಅನ್ನಿ.

ಅದೇ ಊರಿನ ಟ್ರಫಾಲ್ಗರ್ ಚೌಕದ ಕ್ರಿಸ್‌ಮಸ್ ಮರದ ಕಥೆ ಬೇರೆ, ಅದು ಯುದ್ಧದಲ್ಲಿ ಬ್ರಿಟನ್ ತಮ್ಮ ಜೊತೆಗೆ ನಿಂತಿದ್ದಕ್ಕೆ 1947ರಿಂದ ನಾರ್ವೆಯವರು ವರ್ಷಾ ವರ್ಷಾ ಕಳಿಸೋ ಉಡುಗೊರೆ. ಅದು ಬಡಕಲಾಗಿದೆ ಅಂತ ಆಡ್ಕೊಳ್ಳೋರೂ ಇದ್ದಾರೆ, ದಾನದ ಹಸುವಿನ ಹಲ್ಲು ಎಣಿಸೋರು ಎಲ್ಲಾ ಊರಲ್ಲೂ ಇರ್ತಾರೆ.

ಅಮ್ಮಂಗೆ ಅಂಗಡಿಯವರೇ ಕಟ್ತಾರಂತೆ ಅಂದೆ. "ಸುಮ್ನೆ ಕಟ್ತಾರಾ?" ಅಂದ್ರು. ಫೋನಿಟ್ಟು ಮುಂದಿನ ಸ್ಟಾಪಲ್ಲಿ ಇಳಿದೆ, ದೇವತೆಗಳನ್ನ ಇನ್ನೊಂದು ಸಲ ಕೆಳಗಿಂದ ನೋಡೋಣ ಅಂತ. ವಾಪಸ್ ಬರುವಾಗ ಕೈಯಲ್ಲಿ ಒಂದು ಮಫ್ಲರ್ ಇತ್ತು. ಮನೇಲಿ ಆಗ್ಲೇ ಎರಡಿತ್ತು.