ಒಂದು ‘ಎ’ ಬಿಟ್ಟದ್ದಕ್ಕೆ

ರಾಯಚೂರಿನ ಬಿಸಿಲಿಗೆ ತಲೆ ಮೊದಲೇ ಕಾದಿರುತ್ತದೆ. ಅದರ ಮೇಲೆ ಈ ಸುಡೋ, ಅಂದರೆ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಅಧಿಕಾರದಿಂದ ಕೆಲಸ ಮಾಡಿಸುವ ಕಮಾಂಡ್. ಹೆಸರಲ್ಲೇ ಸುಡೋದು ಇದೆ, ನೋಡಿ!

ಅಂಗಡಿಯ ಉಬುಂಟು (ಒಂದು ಬಗೆಯ ಲಿನಕ್ಸ್) ಕಂಪ್ಯೂಟರ್‌ಗೆ ಪ್ರಿಂಟರ್ ಜೋಡಿಸಬೇಕಿತ್ತು. ನನ್ನನ್ನು ಪ್ರಿಂಟರ್ ಗುಂಪಿಗೆ ಸೇರಿಸಲು, ಬಳಕೆದಾರರ ಖಾತೆ ಬದಲಿಸುವ ‘ಯೂಸರ್‌ಮಾಡ್’ ಕಮಾಂಡ್ ಕೊಟ್ಟೆ. ‘-ಎಜಿ’ ಅಂತ ಹೊಡೆಯಬೇಕಿತ್ತು, ಬರೀ ‘-ಜಿ’ ಹೊಡೆದೆ. ಆ ‘ಎ’ ಇಲ್ಲದಿದ್ದರೆ ಅದು ಹೊಸ ಗುಂಪಿಗೆ ಸೇರಿಸಿ, ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಗೆ ಹಾಕುತ್ತದೆ. ಸುಡೋ ಬಳಸಲು ಬಿಡುವ ಸುಡೋ ಗುಂಪಿನಿಂದಲೂ! ‘ಖಾತ್ರಿನಾ?’ ಅಂತ ಒಂದು ಮಾತು ಕೇಳಬಾರದಾ?

ಅವತ್ತು ಏನೂ ಗೊತ್ತಾಗಲಿಲ್ಲ. ಮೊದಲೇ ಲಾಗಿನ್ ಆಗಿದ್ದ ಸೆಷನ್‌ನಲ್ಲಿ ಹಳೇ ಗುಂಪುಗಳೇ ಇರುತ್ತವಲ್ಲ. ಮರುದಿನ ಲಾಗಿನ್ ಆಗಿ, ಸುಡೋ ಕೊಟ್ಟು, ಹೊಡೆಯುವಾಗ ಪರದೆಯಲ್ಲಿ ಕಾಣದ ಆ ಪಾಸ್‌ವರ್ಡ್ ಹೊಡೆದರೆ, ‘ನೀನು ಸುಡೋಯರ್ಸ್ ಫೈಲಿನಲ್ಲಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು’ ಅನ್ನುತ್ತದೆ. ಸುಡೋ ಯಾರು ಬಳಸಬಹುದು ಅಂತ ಬರೆದಿಟ್ಟಿರುವ ಫೈಲ್ ಅದು. ಯಾರಿಗಪ್ಪಾ ವರದಿ? ಈ ಅಂಗಡಿಗೆ ಅಡ್ಮಿನ್ ನಾನೇ ಅಲ್ವಾ!

ಕೊನೆಗೆ ಕಂಪ್ಯೂಟರನ್ನು ದುರಸ್ತಿಗೆಂದೇ ಇರುವ ರಿಕವರಿ ಮೋಡ್‌ನಲ್ಲಿ ಶುರು ಮಾಡಿ, ಪೂರ್ತಿ ಅಧಿಕಾರದ ರೂಟ್ ಶೆಲ್ ತೆರೆದೆ. ಅಲ್ಲೂ ಡಿಸ್ಕ್ ಓದಲಿಕ್ಕೆ ಮಾತ್ರ ತೆರೆದಿತ್ತು. ಬರೆಯುವ ಹಾಗೆ ರೀಮೌಂಟ್ ಮಾಡಿ (ಅಂದರೆ ಮತ್ತೆ ಜೋಡಿಸಿ), ನನ್ನನ್ನು ನಾನೇ ಸುಡೋ ಗುಂಪಿಗೆ ವಾಪಸ್ ಸೇರಿಸಿಕೊಂಡೆ. ಅಷ್ಟರಲ್ಲಿ ತರಿಸಿದ್ದ ಒಗ್ಗರಣೆ-ಮಿರ್ಚಿ ಆರಿ ತಣ್ಣಗಾಗಿತ್ತು. ಪ್ರಿಂಟರ್ ಇನ್ನೂ ಪ್ರಿಂಟ್ ಮಾಡುತ್ತಿಲ್ಲ.