ಗೇಮ್ ಬಿಟ್ಟು ಕೋಡಿಂಗ್ ಕಲೀರಿ ಅಂದ್ರ ಹೆಂಗ್ರಿ?

ಹುಡುಗರು ಗೇಮ್ ಬಿಟ್ಟು ಕೋಡಿಂಗ್ ಕಲೀಬೇಕು ಅಂತ ಬರದೀರಿ. ನಾ ಕೋಡಿಂಗ್ ಕಲತದ್ದ ಗೇಮಿನಿಂದ ನೋಡ್ರಿ.

ಬಾಗಲಕೋಟೆ ನವನಗರದ ಸೈಬರ್ ಕೆಫೆದಾಗ ತಾಸಿಗಿಷ್ಟು ಅಂತ ರೊಕ್ಕಾ ಕೊಟ್ಟು ಕೌಂಟರ್ ಸ್ಟ್ರೈಕ್ 1.6 ಅನ್ನೋ ಗುಂಡು ಹಾರಿಸೋ ಗೇಮ್ ಆಡತಿದ್ವಿ. ಒಂದಿನ ಗೆಳೆಯ ಕನ್ಸೋಲ್ (ಗೇಮಿಗೆ ಆಜ್ಞೆ ಟೈಪ್ ಮಾಡೋ ಕಿಟಕಿ) ತಗದು, 800 ಇದ್ದ ಗ್ರ್ಯಾವಿಟಿನ 200 ಮಾಡಿಬಿಟ್ಟ. ಜಿಗಿದವರೆಲ್ಲಾ ಗಾಳಿಪಟದಂಗ ತೇಲಾಕ ಹತ್ತಿದ್ರು! ಭೂಮಿ ಎಳೆತ ಅನ್ನೂದು ಇಲ್ಲಿ ಬರೇ ಒಂದು ಅಂಕಿ ಅಂತ ತಿಳಿದದ್ದು ಅವತ್ತ. ವೇರಿಯೇಬಲ್ ಅಂದ್ರ ಹೆಸರಿಟ್ಟ, ಬದಲಾಯಿಸಾಕ ಬರೂ ಅಂಕಿಯಂಥಾದ್ದು ಅಂತ ಕಾಲೇಜಿನ್ಯಾಗ ಹೇಳಿದಾಗ ನನಗದು ಹಳೇ ಸುದ್ದಿ.

ಆ ಗೇಮ್ ಸುದ್ದಾ ಮೊದಲು ಕಂಪನಿ ಮಾಡಿದ್ದಲ್ಲ. ಮಿನ್ ಲೀ, ಜೆಸ್ ಕ್ಲಿಫ್ ಅನ್ನೋ ಇಬ್ಬರು 1999ರಾಗ ಹಾಫ್ ಲೈಫ್ ಅನ್ನೋ ಗೇಮಿನ ಮ್ಯಾಲೆ ‘ಮಾಡ್’ (ಇದ್ದ ಗೇಮ್ ಬದಲಿಸಿ ಮಾಡಿದ ಹೊಸಾ ಆಟ) ಆಗಿ ಕಟ್ಟಿದ್ದು. ಹಾಫ್ ಲೈಫ್ ಮಾಡಿದ ವಾಲ್ವ್ ಕಂಪನಿ ಆಮ್ಯಾಲೆ ಅದನ್ನ ತಗೊಂಡು 2000ದಾಗ ಮಾರಾಟಕ್ಕ ಬಿಟ್ಟಿತು.

ಒಂದು ಮಾತು ನಿಮ್ದು ಖರೇ. ಈಗಿನ ಮೊಬೈಲ್ ಗೇಮಿನ್ಯಾಗ ಬಿಚ್ಚಿ ನೋಡಾಕ ಏನೂ ಸಿಗೂದಿಲ್ಲ. ಬರೇ ರೊಕ್ಕಾ ಹಾಕ್ರಿ, ದಿನಾ ಬರ್ರಿ. ನಮ್ಮ ಅಕ್ಕನ ಮಗ ಬಂದೂಕಿನ ಬಣ್ಣಕ್ಕ ಅವರವ್ವನ ಯುಪಿಐದಿಂದ 640 ರೂಪಾಯಿ ಹಾಕಿದ್ದ. (ಬಂದೂಕು ಅಲ್ರಿ, ಬರೇ ಬಣ್ಣ!) ಬೈಗುಳ ಸಾಕಷ್ಟು ತಿಂದ.

ಅವನಿಗೆ ಲ್ಯಾಪ್‌ಟಾಪಿನ್ಯಾಗ ಗೊಡೊ ಎಂಜಿನ್ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್ ಹಾಕಿಕೊಟ್ಟೀನಿ. ಪುಕ್ಕಟೆ, ಓಪನ್ ಸೋರ್ಸ್ (ಒಳಗಿನ ಕೋಡ್ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು). ಮೊದಲ ಆಟ ಮಾಡ್ಯಾನ, ಆದ್ರ ಹೀರೋ ಶುರುವಾಗೂದ ತಡ, ನೆಲದಾಗ ಮುಳುಗಿ ಹೋಗ್ತಾನ. ನೆಲಕ್ಕ ಕೊಲಿಜನ್ (ಬಡಿದದ್ದನ್ನ ತಡಿಯೋ ಗುಣ) ಹಾಕೂದ ಮರತಾನ. ಎರಡು ದಿನದಿಂದ ಹುಡುಕಾಕ ಹತ್ತ್ಯಾನ, ನಾ ಹೇಳಿಲ್ಲ.