‘ಈ ಮಕ್ಕಳು ಹಾಗೇ ಅಲ್ವಾ’

ನಾಲ್ಕು ವರ್ಷದಲ್ಲಿ ನಾನು ಅತಿ ಜಾಸ್ತಿ ಕೇಳಿದ ಮಾತು ಇದು. ಮದುವೆ ಮನೆಯಲ್ಲಿ ಕೇಳಿದ್ದೇನೆ, ನೆರೆಮನೆಯ ಜಗಲಿಯಲ್ಲಿ ಕೇಳಿದ್ದೇನೆ, ಬಿಳಿ ಕೋಟು ಹಾಕಿದವರ ಬಾಯಲ್ಲೂ ಕೇಳಿದ್ದೇನೆ. ಹೇಳುವವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಸಮಾಧಾನಕ್ಕೆಂದೇ ಹೇಳುವುದು. ಆದರೆ ಈ ಒಂದು ಮಾತನ್ನು ನಂಬಿ ನನ್ನ ಮಗಳ ಒಂದು ವರ್ಷ ಹಾಳಾಯಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪುಟ್ಟಿಗೆ ಡೌನ್ ಸಿಂಡ್ರೋಮ್. ನಮ್ಮ ನಿಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇದ್ದರೆ ಅವಳಲ್ಲಿ 47. 21ನೇ ನಂಬರಿನದ್ದು ಎರಡು ಇರಬೇಕಾದಲ್ಲಿ ಮೂರು ಉಂಟು. ಹುಟ್ಟಿದ ಮೂರನೇ ದಿನ ಡಾಕ್ಟ್ರು ಅಂಗೈ ಗೆರೆ, ಕಣ್ಣಿನ ಓರೆ ನೋಡಿ ರಕ್ತ ಪರೀಕ್ಷೆಗೆ ಕಳಿಸಿದರು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದೆವು. ಡೌನ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದಂತೆ. ಇವಳದ್ದು ಸಣ್ಣ ತೂತು, ತಾನಾಗಿ ಮುಚ್ಚಿಕೊಂಡಿತು. ಆಗಿನ ಅಳುವಿನ ಬಗ್ಗೆ ಬರೆಯುವುದಿಲ್ಲ. ಅದೆಲ್ಲ ಮುಗಿದ ಕಥೆ.

ಒಂದು ವರ್ಷ ಆಗುವಾಗ ಮಗು ತೀರಾ ಮಂಕಾಗಿತ್ತು. ಮಲ ಕಟ್ಟುತ್ತಿತ್ತು, ಚರ್ಮ ಒರಟು, ಇಡೀ ದಿನ ನಿದ್ದೆ. ನಾವು ‘ಹಾಗೇ’ ಅಂದುಕೊಂಡೆವು. ಪುಣ್ಯಕ್ಕೆ ನಮ್ಮ ಡಾಕ್ಟ್ರ ಹತ್ತಿರ ಒಂದು ಪಟ್ಟಿ ಇತ್ತು, ಅದರಲ್ಲಿ ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, 6 ತಿಂಗಳಿಗೆ, 1 ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ಅಂತ ಬರೆದಿತ್ತು. ಟಿಎಸ್‌ಎಚ್ ಮೇಲೆ ಹೋಗಿತ್ತು, ಅಂದರೆ ಥೈರಾಯ್ಡ್ ಸಾಕಷ್ಟು ಕೆಲಸ ಮಾಡುತ್ತಿರಲಿಲ್ಲ. ಈಗ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ಚಮಚದಲ್ಲಿ ಪುಡಿ ಮಾಡಿ ನೀರಲ್ಲಿ ಕಲಸಿ ಕೊಟ್ಟ ಮೇಲೆ ಅರ್ಧ ಗಂಟೆ ಏನೂ ಕೊಡುವ ಹಾಗಿಲ್ಲ. ಆ ಅರ್ಧ ಗಂಟೆ ಅವಳು ರಾಗಿ ಮಣ್ಣಿಯ ಪಾತ್ರೆಯ ಮುಂದೆ ಕೂತು ಮಾಡುವ ಗಲಾಟೆ ಕೇಳಬೇಡಿ ಮಾರಾಯ್ರೆ.

ಥೈರಾಯ್ಡ್ ಸಿಕ್ಕಿತು. ಸಿಗದೆ ಹೋದದ್ದು ಕಿವಿ.

ಕರೆದರೆ ಪುಟ್ಟಿ ತಿರುಗುತ್ತಿರಲಿಲ್ಲ. ಆದರೆ ಕುಕ್ಕರ್ ಸೀಟಿ ಹಾಕಿದರೆ ಬೆಚ್ಚುತ್ತಿದ್ದಳು, ಮಿಕ್ಸಿ ತಿರುಗಿದರೆ ಓಡಿ ಬರುತ್ತಿದ್ದಳು. ಹಾಗಾಗಿ ಕಿವಿ ಸರಿ ಉಂಟು, ಇದು ಹಠ ಅಂತ ಮನೆಯಲ್ಲಿ ತೀರ್ಮಾನ ಆಯಿತು. ‘ಇವಳಿಗೆ ಬೇಕಾದದ್ದು ಮಾತ್ರ ಕೇಳುವುದು’ ಅಂತ ಅತ್ತೆ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎರಡು ದಾಟಿದರೂ ಮಾತು ಬರಲಿಲ್ಲ. ಒಬ್ಬರು ಡಾಕ್ಟ್ರನ್ನು ಕೇಳಿದೆ. ಫೈಲಿನಿಂದ ತಲೆ ಎತ್ತದೆ ‘ಈ ಮಕ್ಕಳು ಹಾಗೇ ಅಮ್ಮ, ಮಾತು ತಡ’ ಅಂದರು. ಸ್ಪೀಚ್ ಥೆರಪಿಗೆ ಸೇರಿಸಿದೆವು, ವಾರಕ್ಕೆ ಎರಡು ದಿನ. ವರ್ಷ ಕಳೆದ ಮೇಲೆ ಹೊಸದಾಗಿ ಬಂದ ಥೆರಪಿಸ್ಟ್ ಕೇಳಿದಳು, ‘ಕಿವಿ ಟೆಸ್ಟ್ ಕೊನೆಗೆ ಮಾಡಿಸಿದ್ದು ಯಾವಾಗ?’ ಹುಟ್ಟಿದಾಗ ಮಾಡಿದ್ದು, ಪಾಸಾಗಿತ್ತು ಅಂದೆ. ಅವಳು ನನ್ನ ಮುಖ ನೋಡಿದಳು.

ಮಂಗಳೂರಿನಲ್ಲಿ ಬೇರಾ ಟೆಸ್ಟ್‌ಗೆ ದಿನ ಕೊಟ್ಟರು. ತಲೆಗೆ ವಯರ್ ಅಂಟಿಸಿ, ಕಿವಿಗೆ ಶಬ್ದ ಬಿಟ್ಟು ಮಾಡುವ ಪರೀಕ್ಷೆ ಇದು. ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ನಸುಕಿಗೆ ಎಬ್ಬಿಸಿ, ದಾರಿಯಲ್ಲಿ ಮಾತ್ರ ನಿದ್ದೆ ಮಾಡಲಿಕ್ಕೆ ಬಿಡಬೇಡಿ ಅಂದಿದ್ದರು. ಕಾಪುವಿನಿಂದ ಮಂಗಳೂರಿಗೆ ಒಂದು ಗಂಟೆಗೂ ಮೇಲೆ ಬಸ್ಸು, ಕಿಟಕಿಯಿಂದ ತಂಪು ಗಾಳಿ, ತೊಡೆಯ ಮೇಲೆ ತೂಕಡಿಸುವ ಮಗು. ಉಚ್ಚಿಲ ದಾಟುವಾಗಲೇ ಕಣ್ಣು ಮುಚ್ಚಿತು. ನಾನು ಅಲುಗಾಡಿಸುವುದನ್ನು ನೋಡಿ ಕಂಡಕ್ಟರ್, ‘ಮಗುವಿಗೆ ನಿದ್ದೆ ಬರ್ತಾ ಉಂಟು ಅಕ್ಕ, ಮಲಗಿಸಿ’ ಅಂದ. ವಿಷಯ ಹೇಳಿದೆ. ಪಡುಬಿದ್ರಿ ಬರುವಾಗ ಇಡೀ ಬಸ್ಸಿಗೆ ಗೊತ್ತಾಗಿತ್ತು!

ಕಂಡಕ್ಟರ್ ಮೆಷಿನ್‌ನಿಂದ ಉದ್ದಕ್ಕೆ ಖಾಲಿ ಕಾಗದ ಬಿಟ್ಟು ಅವಳ ಕೈಗೆ ಕೊಟ್ಟ. ಮಲ್ಲಿಗೆ ಅಟ್ಟೆ ಹಿಡಿದ ಅಜ್ಜಿಯೊಬ್ಬರು ಅಂಗಾಲಿಗೆ ಕಚಗುಳಿ ಇಟ್ಟರು. ಹಿಂದಿನ ಸೀಟಿನ ಕಾಲೇಜು ಹುಡುಗಿ ‘ಪುಟ್ಟೀ, ಪುಟ್ಟೀ’ ಅಂತ ಮೆಲ್ಲಗೆ ಕರೆದಳು. ತಿರುಗಲಿಲ್ಲ. ಮತ್ತೆ ಕರೆದಳು. ಹೆಗಲು ಮುಟ್ಟಿದ ಕೂಡಲೇ ತಿರುಗಿ ಬಾಯಿ ತುಂಬ ನಕ್ಕಳು. ‘ಆಂಟಿ, ಇವಳಿಗೆ ಮೆಲ್ಲ ಮಾತಾಡಿದ್ರೆ ಕೇಳುದಿಲ್ವಾ?’

ಸುರತ್ಕಲ್‌ನಿಂದ ಮಂಗಳೂರಿನ ಜ್ಯೋತಿ ಸ್ಟಾಪಿನವರೆಗೆ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಆ ಹುಡುಗಿಗೆ ಐದು ನಿಮಿಷ ಸಾಕಾಗಿತ್ತು.

ಎರಡೂ ಕಿವಿಯ ತಮಟೆಯ ಹಿಂದೆ ಗೋಂದಿನಂಥ ನೀರು ನಿಂತಿತ್ತು. ಡೌನ್ ಇರುವ ಮಕ್ಕಳಲ್ಲಿ ಕಿವಿಯಿಂದ ಗಂಟಲಿಗೆ ಹೋಗುವ ನಾಳ ಕಿರಿದು, ಇದು ತುಂಬಾ ಸಾಮಾನ್ಯ. ಕುಕ್ಕರ್ ಸೀಟಿ ಒಳಗೆ ಹೋಗುತ್ತದೆ, ಅಮ್ಮನ ಮಾತು ಹೋಗುವುದಿಲ್ಲ. ಕಿವಿಗೇ ಬೀಳದ ಮಾತನ್ನು ಬಾಯಲ್ಲಿ ಹೇಳಿಸಲಿಕ್ಕೆ ನಾವು ಒಂದು ವರ್ಷ ಫೀಸ್ ಕಟ್ಟಿದ್ದೆವು.

ಮೂರು ತಿಂಗಳು ಕಾದರೂ ನೀರು ಇಳಿಯಲಿಲ್ಲ. ಗ್ರೊಮೆಟ್ ಹಾಕಿದರು, ಒಳಗೆ ಗಾಳಿ ಆಡಲಿಕ್ಕೆ ತಮಟೆಯಲ್ಲಿ ಕೂರಿಸುವ, ಸಾಸಿವೆಗಿಂತ ಸ್ವಲ್ಪ ದೊಡ್ಡ ಒಂದು ಕೊಳವೆ. ಆಪರೇಷನ್ ದಿನ ಅರಿವಳಿಕೆ ಡಾಕ್ಟ್ರು ಹಳೇ ಎಕೋ ರಿಪೋರ್ಟ್ ಕೇಳಿದರು, ಕುತ್ತಿಗೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿದರು. ಈ ಮಕ್ಕಳ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಹಿಡಿತ ಸಡಿಲ ಇರಬಹುದು, ಮಲಗಿಸುವಾಗ ಜಾಗ್ರತೆ ಬೇಕು ಅಂದರು. ನೋಡಿ, ಅವರೂ ‘ಈ ಮಕ್ಕಳು’ ಅಂದರು. ಆದರೆ ಅಲ್ಲಿಂದ ಹುಡುಕಲಿಕ್ಕೆ ಶುರು ಮಾಡಿದರು. ಉಳಿದವರು ಆ ಮಾತು ಹೇಳಿ ಫೈಲು ಮುಚ್ಚುತ್ತಾರೆ. ನನ್ನ ಜಗಳ ಇರುವುದು ಇಷ್ಟಕ್ಕೇ.

ಅಮೆರಿಕದ ಲೆಕ್ಕ ಒಂದುಂಟು. 1983ರಲ್ಲಿ ಡೌನ್ ಇರುವವರ ಸರಾಸರಿ ಆಯುಷ್ಯ 25ರ ಆಸುಪಾಸು, ಈಗ 60ರ ಹತ್ತಿರ. ಕ್ರೋಮೋಸೋಮ್ ಆಗಲೂ ಮೂರು, ಈಗಲೂ ಮೂರು. ಹೃದಯದ ತೂತನ್ನು ‘ಹಾಗೇ’ ಅಂತ ಬಿಡದೆ ಹೊಲಿದರು, ಅದು ಒಂದು ದೊಡ್ಡ ಕಾರಣ.

ನಮ್ಮಲ್ಲಿ ಇಂಥದ್ದೆಲ್ಲ ಗೊತ್ತಾಗುವುದು ಆಸ್ಪತ್ರೆಯ ಬೆಂಚಿನಲ್ಲಿ, ಇನ್ನೊಬ್ಬ ತಾಯಿಯಿಂದ. ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಿ ಅಂದವರು, ‘ನಿರಾಮಯ’ ಅಂತ ಕೇಂದ್ರದ ಆರೋಗ್ಯ ವಿಮೆ ಉಂಟು, ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ ಅಂದವರು, ಎಲ್ಲ ಹಾಗೆ ಸಿಕ್ಕವರೇ. ಮಾರ್ಚ್ 21ಕ್ಕೆ, ವಿಶ್ವ ಡೌನ್ ಸಿಂಡ್ರೋಮ್ ದಿನ ಅಂತ, ಬೇರೆ ಬೇರೆ ಬಣ್ಣದ ಸಾಕ್ಸ್ ಹಾಕಿ ಫೋಟೋ ಹಾಕುವವರ ಮೇಲೆ ನನಗೆ ಕೋಪ ಇಲ್ಲ. ಆದರೆ ಆವತ್ತು ಯಾರಾದರೂ ಕಿವಿ, ಕಣ್ಣು, ಥೈರಾಯ್ಡ್ ಯಾವಾಗ ನೋಡಿಸಬೇಕು ಅಂತ ಕನ್ನಡದಲ್ಲಿ ಒಂದು ಪುಟ ಹಂಚಿದ್ದರೆ ನನಗೆ ಹೆಚ್ಚು ಉಪಕಾರ ಆಗುತ್ತಿತ್ತು.

ಈಗ ಪುಟ್ಟಿಗೆ ಮೂವತ್ತು ಮಾತು ಬರುತ್ತದೆ. ‘ಬೇಡ’ ಎಲ್ಲಕ್ಕಿಂತ ಸ್ಪಷ್ಟ. ಮಾತ್ರೆಗೆ ಕರೆದರೆ ಈಗಲೂ ತಿರುಗುವುದಿಲ್ಲ, ಇದು ಮಾತ್ರ ಅಪ್ಪಟ ಹಠ, ಪರೀಕ್ಷೆ ಮಾಡಿಸಿಯೇ ಹೇಳುತ್ತಿದ್ದೇನೆ.

ಹೋದ ವಾರ ಕಿವಿ ತೋರಿಸಲಿಕ್ಕೆ ಮತ್ತೆ ಅದೇ ಬಸ್ಸು ಹತ್ತಿದೆವು. ಕಂಡಕ್ಟರ್‌ಗೆ ಗುರ್ತ ಸಿಕ್ಕಿತು. ಟಿಕೆಟ್ ಹರಿಯುತ್ತಾ ಕೇಳಿದ, ‘ಅಕ್ಕ, ಇವತ್ತು ಮಲಗಬಹುದಾ, ಏಳಿಸಬೇಕಾ?’